ಆ್ಯಬಿ ರೋಡಿನ ಮೂರನೆಯ ನಂಬರಿನ ಮನೆ

ಲಂಡನ್ ನಗರಕ್ಕೆ ಹೋದವರು ಅಲ್ಲಿಯ ಅರಮನೆಯನ್ನೂ ಹಳೆಯ ಕೋಟೆಯನ್ನೂ ಥೇಮ್ಸ್ ನದಿಯ ಸೇತುವೆಗಳನ್ನೂ ನೋಡಿ ಬರುವುದು ವಾಡಿಕೆ. ನಾವೂ ಅವನ್ನೆಲ್ಲ ಕಂಡೆವು. ಆದರೆ ಊರಿಗೆ ಮರಳಿದ ಮೇಲೆ ನಮ್ಮ ಮನಸ್ಸಿನಲ್ಲಿ ನಿಂತಿರುವುದು ಅವಾವುವೂ ಅಲ್ಲ. ಸೇಂಟ್ ಜಾನ್ಸ್ ವುಡ್ ಎಂಬ ಬಡಾವಣೆಯ ಒಂದು ಬಿಳಿಯ ಮನೆ, ಮತ್ತು ಅದರ ಬಳಿ ಬೀದಿಗೆ ಅಡ್ಡಲಾಗಿ ಬಳಿದಿರುವ ಕೆಲವು ಬಿಳಿಯ ಪಟ್ಟೆಗಳು.

ಅಲ್ಲಿಗೆ ನಮ್ಮನ್ನು ಕರೆದೊಯ್ದವನು ನಮ್ಮ ಮಗ. ವಾಚಕರ ಮುಂದೆ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತೈದು ವರ್ಷಗಳ ಹಿಂದೆ, ಅವನು ಮೈಸೂರಿನಲ್ಲಿ ಓದುತ್ತಿದ್ದಾಗ, ರಾಕ್ ಸಂಗೀತವೆಂಬುದು ಅವನಿಗೆ ಊಟ ನಿದ್ರೆಗಳಿಗಿಂತ ಹೆಚ್ಚಿನದಾಗಿದ್ದಿತು. ವೀಣೆಯನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಅದು ತಗಡಿನ ಮೇಲೆ ಕಲ್ಲು ಸುರಿದಂತಿದ್ದಿತು. ಒಂದು ಸಂಜೆ, ಮನೆಗೆ ಬಂದ ನೆಂಟರ ಮುಂದೆಯೇ, “ಇದೂ ಒಂದು ಸಂಗೀತವೇನೋ?” ಎಂದು ಗದರಿಸಿ, ಅವನ ಟೇಪುಗಳನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಏರಿಸಿದೆವು. ಅವನು ಎದುರುತ್ತರ ಕೊಡಲಿಲ್ಲ. ಆದರೆ ಅಂದಿನಿಂದ, ತನಗೆ ಪ್ರಿಯವಾದುದಾವುದನ್ನೂ ನಮ್ಮೊಡನೆ ಹೇಳಿಕೊಳ್ಳುವುದನ್ನು ಬಿಟ್ಟನು. ಇಷ್ಟು ಕಾಲದ ಮೇಲೆ, “ಅಪ್ಪ, ನಾಳೆ ನನ್ನ ಜೊತೆ ಒಂದು ಕಡೆಗೆ ಬರುತ್ತೀರಾ?” ಎಂದು ಅವನಾಗಿಯೇ ಕೇಳಿದಾಗ, ಎಲ್ಲಿಗೆಂದು ವಿಚಾರಿಸದೆ ಹೊರಟೆವು.

ನೆಲದೊಳಗಿನ ರೈಲಿನಿಂದ ಇಳಿದು ಸ್ವಲ್ಪ ದೂರ ನಡೆದರೆ ಆ್ಯಬಿ ರೋಡ್. 1969ನೆಯ ಆಗಸ್ಟ್ 8ರಂದು ಬೀಟಲ್ಸ್ ತಂಡದ ನಾಲ್ವರು ಆ ಪಟ್ಟೆಗಳ ಮೇಲೆ ಸಾಲಾಗಿ ನಡೆದ ಚಿತ್ರವು ಅವರ ತಟ್ಟೆಯೊಂದರ ಹೊದಿಕೆಯಲ್ಲಿ ಅಚ್ಚಾಯಿತು. ಈಗ ನಾನಾ ದೇಶಗಳ ಯಾತ್ರಿಕರು ನಾಲ್ಕು ನಾಲ್ಕು ಮಂದಿಯಾಗಿ ಅದೇ ಭಂಗಿಯಲ್ಲಿ ದಾಟುತ್ತಾರೆ. ಗಾಡಿಗಳವರು ಕಾದು ನಿಲ್ಲುತ್ತಾರೆ. ಮನೆಯ ಮುಂದಣ ಗೋಡೆಯ ತುಂಬ ಭಕ್ತರ ಹಸ್ತಾಕ್ಷರಗಳು. ಇದೆಲ್ಲ ಹುಡುಗಾಟವೆಂದೇ ನಮಗೆ ಮೊದಲು ತೋರಿತು.

ಆಗ ಮಗನು ಆ ಮನೆಯ ಕಥೆಯನ್ನು ಹೇಳತೊಡಗಿದನು. ಅದು ಧ್ವನಿಮುದ್ರಣಾಲಯವಾಗಿ ತೆರೆದದ್ದು 1931ರ ನವೆಂಬರಿನಲ್ಲಿ. ಅಂದು ವಾದ್ಯವೃಂದವನ್ನು ನಡೆಸಿದವರು ಇಂಗ್ಲೆಂಡಿನ ಪ್ರಸಿದ್ಧ ಸಂಗೀತಕಾರ ಎಡ್ವರ್ಡ್ ಎಲ್ಗರ್. ಮರುವರ್ಷ ಹದಿನಾರರ ಬಾಲಕ ಯೆಹೂದಿ ಮೆನುಹಿನ್ ಅವರ ಕೃತಿಯನ್ನು ಪಿಟೀಲಿನಲ್ಲಿ ಅಲ್ಲಿಯೇ ನುಡಿಸಿದನು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರರು ವೃದ್ಧಾಪ್ಯದಲ್ಲಿ, ಕೇಳುವವರಿಲ್ಲದೆ, ಲಂಡನ್ನಿನಲ್ಲಿ ದಿನ ನೂಕುತ್ತಿದ್ದಾಗ ನಮ್ಮ ಜಯಚಾಮರಾಜೇಂದ್ರ ಒಡೆಯರು ದ್ರವ್ಯಸಹಾಯ ಮಾಡಿದರು. 1947ರಲ್ಲಿ ಅವರ ಪಿಯಾನೋ ಕೃತಿಗಳು ಇದೇ ಮನೆಯಲ್ಲಿ ಮುದ್ರಿತವಾದುವು. ಮೈಸೂರಿನವರಾದ ನಮಗೆ ಈ ಸಂಗತಿ ತಿಳಿದಿರಲಿಲ್ಲ. ಮಗನು ಇದನ್ನು ನಮಗಾಗಿಯೇ ಕಾದಿರಿಸಿದ್ದನೆಂದು ತೋರಿತು.

ಬೀಟಲ್ಸ್ ಇಲ್ಲಿಗೆ ಬಂದದ್ದು 1962ರಲ್ಲಿ. 1963ನೆಯ ಫೆಬ್ರವರಿ 11ರ ಒಂದೇ ದಿನದಲ್ಲಿ ಅವರು ತಮ್ಮ ಮೊದಲ ದೊಡ್ಡ ತಟ್ಟೆಗಾಗಿ ಹತ್ತು ಹಾಡುಗಳನ್ನು ಮುದ್ರಿಸಿದರು. ಆದರೆ 1967ರ ‘ಸಾರ್ಜೆಂಟ್ ಪೆಪ್ಪರ್’ ತಟ್ಟೆಗೆ ಸುಮಾರು ಐದು ತಿಂಗಳು ಹಿಡಿಯಿತು. ಅದರ ಕಡೆಯ ಹಾಡಿಗೆ ನಾಲ್ವತ್ತು ಮಂದಿ ವಾದ್ಯಗಾರರನ್ನು ಎಲ್ಗರ್ ನಿಂತಿದ್ದ ಅದೇ ಸಭಾಂಗಣದಲ್ಲಿ ಕೂಡಿಸಿ, ಪ್ರತಿಯೊಬ್ಬನೂ ತನ್ನ ವಾದ್ಯದ ಅತಿ ತಗ್ಗಿನ ಸ್ವರದಿಂದ ಮೇಲಿನ ಸ್ವರಕ್ಕೆ ತನ್ನದೇ ದಾರಿಯಲ್ಲಿ ಏರಬೇಕೆಂದು ವಿಧಿಸಿದರು. ಕೊನೆಗೆ ಹಲವು ಪಿಯಾನೋಗಳಲ್ಲಿ ಒಮ್ಮೆಗೇ ಒತ್ತಿದ ಒಂದು ಸ್ವರಮೇಳವು ಮುಕ್ಕಾಲು ನಿಮಿಷದಷ್ಟು ಕಾಲ ಕ್ಷೀಣಿಸುತ್ತ ಹೋಗುತ್ತದೆ. ನಾದವು ಅಡಗಿದಂತೆಲ್ಲ ಯಂತ್ರದ ಕಿವಿಯನ್ನು ಹೆಚ್ಚು ಹೆಚ್ಚಾಗಿ ತೆರೆದು ಅದರ ಕಡೆಯ ಎಳೆಯನ್ನೂ ಹಿಡಿದರಂತೆ. ತಂಬೂರಿಯನ್ನು ಮೀಟಿ, ಅದರ ಝೇಂಕಾರವು ಮುಗಿಯುವವರೆಗೆ ಕಣ್ಣು ಮುಚ್ಚಿ ಕೇಳಿದವರಿಗೆ ಈ ಶ್ರದ್ಧೆಯು ಅಪರಿಚಿತವಲ್ಲ.

“ಅವರಿಗೆ ಸ್ವರಲಿಪಿಯೇ ಓದಲು ಬರುತ್ತಿರಲಿಲ್ಲ” ಎಂಬುದು ಪಾಶ್ಚಾತ್ಯ ವಿದ್ವಾಂಸರ ಒಂದು ಆಕ್ಷೇಪ. ಅದು ನಿಜ, ವಾದ್ಯವೃಂದಕ್ಕೆ ಬೇಕಾದುದನ್ನು ಬರೆದುಕೊಟ್ಟವರು ಶಾಸ್ತ್ರೀಯ ಶಿಕ್ಷಣ ಪಡೆದಿದ್ದ ಜಾರ್ಜ್ ಮಾರ್ಟಿನ್. ಆದರೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಂಗೀತವನ್ನು ಇಳಿಸಿಕೊಂಡು ಬಂದ ನಾವು ಈ ಆಕ್ಷೇಪವನ್ನು ಎತ್ತುವುದು ಹೇಗೆ? ಬೀದಿಯ ಸಂಗೀತವೆನ್ನೋಣವೇ? ನಮ್ಮ ಹರಿದಾಸರ ಪದಗಳೂ ಬೀದಿಯಲ್ಲಿ ನಡೆದೇ ಕಚೇರಿಗೆ ಬಂದುವು.

ರಾಕ್ ಎಂಬ ಹೆಸರಿನಲ್ಲಿ ಬರುವುದೆಲ್ಲವೂ ಕಲೆಯೆಂದು ನಾವು ಸಾಧಿಸಹೊರಟಿಲ್ಲ. ಅದರಲ್ಲಿ ಜೊಳ್ಳು ಬಹಳ. ಬರಿಯ ಅಬ್ಬರವೂ, ಹಣದಾಸೆಯೂ ಉಂಟು. ಆದರೆ ಕಚೇರಿಯಲ್ಲಿ ಹಾಡಿದ್ದೆಲ್ಲವೂ ಸಂಗೀತವಲ್ಲವಷ್ಟೆ. ಕಲೆಯ ಗಾಂಭೀರ್ಯವು ವಾದ್ಯದಲ್ಲಿಲ್ಲ, ವೇಷದಲ್ಲಿಲ್ಲ. ಒಂದು ಸ್ವರಕ್ಕಾಗಿ ಎಷ್ಟು ಹೊತ್ತು ಕಾಯಲು ಸಿದ್ಧರಿದ್ದೇವೆ ಎಂಬುದರಲ್ಲಿದೆ. ಇದು ಹಾಡುವವನಿಗೆ ಹೇಗೋ ಕೇಳುವವನಿಗೂ ಹಾಗೆಯೇ. ನಾವಾದರೋ ಅಂದು ಒಂದು ಹಾಡನ್ನೂ ಕೊನೆಯವರೆಗೆ ಕೇಳದೆ ತೀರ್ಪು ಕೊಟ್ಟಿದ್ದೆವು.

ಇಂಗ್ಲೆಂಡಿನ ಸರ್ಕಾರವು 2010ರಲ್ಲಿ ಆ ಮನೆಯನ್ನೂ, ಅದೇ ವರ್ಷ ಬೀದಿಯ ಪಟ್ಟೆಗಳನ್ನೂ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ನಾವು ಮಗನ ಕೈ ಹಿಡಿದು ಆ ಪಟ್ಟೆಗಳನ್ನು ದಾಟಿದೆವು. ಭಂಗಿಯೇನನ್ನೂ ಮಾಡಲಿಲ್ಲ; ನಮ್ಮ ಮೊಣಕಾಲು ಅದಕ್ಕೆ ಒಪ್ಪುವಂತಿರಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಆ ಕಡೆಯ ಹಾಡನ್ನು ಹಾಕೆಂದು ನಾವೇ ಕೇಳಿದೆವು. ಕೊನೆಯ ನಾದವು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೋಣೆಯ ಮೌನದಲ್ಲಿ ಬೆರೆಯಿತು. ಹೇಗಿತ್ತೆಂದು ಮಗನು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾವೇ, “ಇನ್ನೊಂದು ಸಲ ಹಾಕಪ್ಪ” ಎಂದೆವು.