ಹೊಸ ಲ್ಯಾಪ್‌ಟಾಪ್ ಬರುತ್ತಂತೆ

2024ರ ಡಿಸೆಂಬರ್ 7, ಚಂಪಾಷಷ್ಠಿ. ನಾನು, ಹೆಂಡತಿ ಮತ್ತು ಪುಣೆಯಲ್ಲಿ ಓದುತ್ತಿರುವ ಅಣ್ಣನ ಮಗಳು ದಿವೆಘಾಟ್ ಹತ್ತಿ, ಸಾಸವಡ ದಾಟಿ ಜೇಜುರಿಗೆ ಬಂದಿದ್ದೆವು. ನಮ್ಮ ಮನೆದೇವರು ಮೈಲಾರಲಿಂಗ. ನಾವು ರಾಣೆಬೆನ್ನೂರಿನ ಕಡೆಯವರು. ಆದರೆ ಪುಣೆ ಸೇರಿ ಹದಿನಾಲ್ಕು ವರ್ಷವಾದ ಮೇಲೆ ಖಂಡೋಬನ ಜೇಜುರಿಯೇ ನಮಗೆ ಮೈಲಾರ. ದೇವರೂ ಅವನೇ, ಭಂಡಾರವೂ ಅದೇ. ಅಲ್ಲಿ ‘ಏಳುಕೋಟಿ’ ಅನ್ನುವುದನ್ನು ಇಲ್ಲಿ ‘ಯಳಕೋಟ’ ಅನ್ನುತ್ತಾರೆ, ಅಷ್ಟೇ.

ಅರ್ಧ ಮೆಟ್ಟಿಲು ಹತ್ತಿ ದೀಪಮಾಲೆಯ ಕಂಬದ ಹತ್ತಿರ ಕೂತಾಗ ಹುಡುಗಿ ಕೇಳಿದಳು: “ಕಾಕಾ, ನಿಮ್ಮ ಕಾರ್ಣಿಕ ಏನಂತೈತಿ? ಇನ್ನೂ ಕಾಯೂದೇನು?”

ಅವಳು ಕೇಳಿದ್ದು ಲ್ಯಾಪ್‌ಟಾಪಿನ ವಿಷಯ. ನಾನು ನಕ್ಕೆ. ಅವಳು ನಗಲಿಲ್ಲ.

ಅವಳು ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದಳು. ಜೇಜುರಿಯ ವಾಘ್ಯಾ-ಮುರಳಿಯರ ಹಾಡಿನ ಮೇಲೆ ಹನ್ನೆರಡು ನಿಮಿಷದ ಚಿತ್ರ ಮಾಡುತ್ತಿದ್ದಳು. ಡಿಸೆಂಬರ್ ಕೊನೆಗೆ ಅದನ್ನು ಕಳಿಸಿದರೆ ಒಂದು ತರಬೇತಿಗೆ ಆಯ್ಕೆಯಾಗುವ ಅವಕಾಶವಿತ್ತು. ಅವಳ ಬಳಿ ಇದ್ದದ್ದು ಅಣ್ಣ ಆಫೀಸಿನಲ್ಲಿ ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್. ಎರಡು ವಿಡಿಯೊ ಒಟ್ಟಿಗೆ ತೆರೆದರೆ ಅದು ನಿಂತುಬಿಡುತ್ತಿತ್ತು. ಜೂನ್ ತಿಂಗಳಲ್ಲೇ ಅಣ್ಣ ಫೋನ್ ಮಾಡಿ, “ದುಡ್ಡು ಹೊಂದಿಸೀನಿ. ಯಾವುದು ತಗೊಳ್ಳೂದು, ನೀನೇ ನೋಡಿ ಹೇಳಪ್ಪಾ” ಅಂದಿದ್ದ. ನಾನು ಹೇಳಿದ್ದು ಒಂದೇ ಮಾತು: “ಸ್ವಲ್ಪ ತಡಿ, ಹೊಸದು ಬರ್ತೈತಿ.”

ಇದು ನನ್ನ ಚಟ. ಕ್ರಿಕೆಟ್ ಹುಚ್ಚಿನವರು ತಂಡದ ಆಯ್ಕೆಯ ಬಗ್ಗೆ ಲೆಕ್ಕ ಹಾಕುವಂತೆ ನಾನು ಆಪಲ್ ಕಂಪನಿಯ ಮುಂದಿನ ಲ್ಯಾಪ್‌ಟಾಪುಗಳ ಬಗ್ಗೆ ಲೆಕ್ಕ ಹಾಕುತ್ತೇನೆ. ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂದದ್ದು 2020ರ ನವೆಂಬರಿನಲ್ಲಿ. ಎಂ2 ಏರ್ ಅಂಗಡಿಗೆ ಬಂದದ್ದು 2022ರ ಜುಲೈನಲ್ಲಿ, ಎಂ3 ಏರ್ 2024ರ ಮಾರ್ಚಿನಲ್ಲಿ. ಎರಡು ಸಲವೂ ನಡುವೆ ಸರಿಯಾಗಿ ಇಪ್ಪತ್ತು ತಿಂಗಳು. ಆ ಲೆಕ್ಕದಲ್ಲಿ ಎಂ4 ಏರ್ 2025ರ ಕೊನೆಗೆ ಬರಬೇಕು. ಆದರೆ 2024ರ ಮೇನಲ್ಲಿ ಐಪ್ಯಾಡಿಗೇ ಎಂ4 ಚಿಪ್ ಬಂದುಬಿಟ್ಟಿತು. ಇನ್ನು ಲ್ಯಾಪ್‌ಟಾಪಿಗೆ ತಡವಾಗುವುದಿಲ್ಲ, ದೀಪಾವಳಿಗೆ ಬಂದೇ ಬರುತ್ತದೆ ಎಂದು ನಾನು ತೀರ್ಮಾನಿಸಿದೆ.

ಕಂಪನಿಗಳು ಮುಂದಿನದನ್ನು ಬಾಯಿ ಬಿಡದಿರುವುದಕ್ಕೂ ಕಾರಣವಿದೆ. 1981ರಲ್ಲಿ ಆಡಮ್ ಆಸ್ಬೋರ್ನ್ ಎಂಬವರು ಸುಮಾರು 11 ಕಿಲೋ ತೂಕದ, ಕೈಯಲ್ಲಿ ಹೊತ್ತೊಯ್ಯುವ ಕಂಪ್ಯೂಟರ್ ಮಾಡಿ ಮಾರಿದರು. ಅದು ಚೆನ್ನಾಗಿಯೇ ಓಡಿತು. 1983ರಲ್ಲಿ, ಇದಕ್ಕಿಂತ ಒಳ್ಳೆಯದು ಬರುತ್ತಿದೆ ಎಂಬ ಸುದ್ದಿ ಹಬ್ಬಿತು. ಅಂಗಡಿಯವರು ಹಳೆಯದನ್ನು ಕೊಳ್ಳುವುದು ನಿಲ್ಲಿಸಿದರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ಅದೊಂದೇ ಕಾರಣವಲ್ಲ ಎನ್ನುವವರೂ ಇದ್ದಾರೆ. ಆದರೂ ‘ಆಸ್ಬೋರ್ನ್ ಪರಿಣಾಮ’ ಎಂಬ ಹೆಸರು ಉಳಿದುಕೊಂಡಿತು. ಕಂಪನಿಗಳು ಬಾಯಿ ಬಿಡದ ಕಡೆ ನಮ್ಮಂಥವರು ಸಣ್ಣಪುಟ್ಟ ಸುಳಿವು ಹುಡುಕುತ್ತೇವೆ: ಅಂಗಡಿಯಲ್ಲಿ ಸರಕು ಕಡಿಮೆಯಾಗಿದೆಯೇ, ತಂತ್ರಾಂಶದೊಳಗೆ ಹೊಸ ಮಾದರಿಯ ಸಂಖ್ಯೆ ಕಂಡಿದೆಯೇ, ಬ್ಲೂಮ್‌ಬರ್ಗಿನ ಮಾರ್ಕ್ ಗರ್ಮನ್ ಈ ವಾರ ಏನು ಬರೆದಿದ್ದಾರೆ.

ಹುಡುಗಿ ಅದಕ್ಕೆ ಕಾರ್ಣಿಕ ಎಂದದ್ದು ಸರಿಯಾಗಿಯೇ ಇತ್ತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷಾಂತರ ಜನ ಉಸಿರು ಬಿಗಿ ಹಿಡಿಯುತ್ತಾರೆ. ಅವನು ನಾಲ್ಕು ಪದ ಹೇಳಿ ಕೆಳಗೆ ಬೀಳುತ್ತಾನೆ. ಆ ನಾಲ್ಕು ಪದದಲ್ಲಿ ಒಬ್ಬರಿಗೆ ಮಳೆ ಕಾಣುತ್ತದೆ, ಇನ್ನೊಬ್ಬರಿಗೆ ಹತ್ತಿಯ ದರ, ಮತ್ತೊಬ್ಬರಿಗೆ ಮುಖ್ಯಮಂತ್ರಿಯ ಕುರ್ಚಿ.

ಆ ವರ್ಷ ಅಕ್ಟೋಬರ್ 30ಕ್ಕೆ, ದೀಪಾವಳಿಯ ಹೊತ್ತಿಗೆ, ಎಂ4 ಬಂತು. ಆದರೆ ಬಂದದ್ದು ದುಬಾರಿಯ ಮ್ಯಾಕ್‌ಬುಕ್ ಪ್ರೊಗೆ. ಏರ್‌ಗೆ ಚಿಪ್ ಬದಲಾಗಲಿಲ್ಲ, ಮೆಮೊರಿ ಮಾತ್ರ ಅದೇ ಬೆಲೆಗೆ 8 ಜಿಬಿಯಿಂದ 16 ಜಿಬಿಗೆ ಏರಿತು. ಅವತ್ತೇ ಕೊಳ್ಳಬಹುದಿತ್ತು. ಅವಳ ಕೆಲಸಕ್ಕೆ ಅದು ಧಾರಾಳವಾಗಿ ಸಾಕಿತ್ತು. ನಾನು ಮತ್ತೆ ಹೇಳಿದೆ: “ಪ್ರೊಗೆ ಬಂತಂದ್ರ ಏರ್‌ಗೆ ಎಷ್ಟು ದಿನ? ಇನ್ನೆರಡು ತಿಂಗಳು.”

ಜೇಜುರಿಯ ಮೆಟ್ಟಿಲ ಮೇಲೆ ನಾನು ಮೂರನೇ ಸಲವೂ ಅದನ್ನೇ ಹೇಳಿದೆ. ಅವಳು ಏನೂ ಅನ್ನದೆ ಕ್ಯಾಮೆರಾ ತೆಗೆದುಕೊಂಡು ಮೇಲೆ ಹೋದಳು. ಡಿಸೆಂಬರ್ ಪೂರ್ತಿ ಗೆಳತಿಯ ಲ್ಯಾಪ್‌ಟಾಪಿನಲ್ಲಿ, ಅದೂ ಗೆಳತಿ ಮಲಗಿದ ಮೇಲೆ, ಎಡಿಟ್ ಮಾಡಿದಳು. ಚಿತ್ರ ಮುಗಿದದ್ದು ಜನವರಿ ಮೂರಕ್ಕೆ. ತರಬೇತಿಯವರು ತೆಗೆದುಕೊಳ್ಳಲಿಲ್ಲ.

2025ರ ಮಾರ್ಚ್ 5ರಂದು ಎಂ4 ಏರ್ ಬಂತು. ಎಂ3 ಏರ್ ಇಲ್ಲಿ ಶುರುವಾದದ್ದು 1,14,900 ರೂಪಾಯಿಗೆ. ಇದು 99,900ಕ್ಕೇ ಬಂತು, 16 ಜಿಬಿ ಮೆಮೊರಿಯ ಜೊತೆ. ಅಂದರೆ ನನ್ನ ಲೆಕ್ಕ ಪೂರ್ತಿ ತಪ್ಪಿರಲಿಲ್ಲ. ಕಾದದ್ದಕ್ಕೆ ಹದಿನೈದು ಸಾವಿರ ಉಳಿಯಿತು, ಎರಡರಷ್ಟು ಮೆಮೊರಿ ಸಿಕ್ಕಿತು. ಅಣ್ಣ ಫೋನಿನಲ್ಲಿ, “ಛಲೋ ಆತು ಬಿಡು, ನೀ ಹೇಳಿದಂಗ ಆತು” ಅಂದ. ನನಗೆ ಮಾತು ಹೊರಡಲಿಲ್ಲ. ತಪ್ಪು ಹೇಳಿ ಸಿಕ್ಕಿಬಿದ್ದಿದ್ದರೆ ಇಷ್ಟು ಕಸಿವಿಸಿ ಆಗುತ್ತಿರಲಿಲ್ಲವೇನೋ. ಅವಳ ಒಂಬತ್ತು ತಿಂಗಳು ನನ್ನ ಲೆಕ್ಕದ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಆಮೇಲೆ ಅಜ್ಜ ನೆನಪಾದರು. ಅವರು ಪ್ರತಿವರ್ಷ ಬಂಡಿ ಕಟ್ಟಿಕೊಂಡು ಮೈಲಾರಕ್ಕೆ ಹೋಗುತ್ತಿದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಕಾರ್ಣಿಕದ ಅರ್ಥದ ಮೇಲೆ ಜಗಳ. ಮಳೆ ಚೆನ್ನಾಗಿದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಊರಿಗೆ ಬಂದ ಮೇಲೂ ವಾರಗಟ್ಟಲೆ ಕಟ್ಟೆಯ ಮೇಲೆ ಅದೇ ಮಾತು. ಆದರೆ ಮುಂಗಾರು ಬಿದ್ದ ದಿನ ಅಜ್ಜ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡುತ್ತಿದ್ದರು. ಹದ ಇದ್ದರೆ ಮರುದಿನವೇ ಕೂರಿಗೆ ಹೊರಡುತ್ತಿತ್ತು. ಕಾರ್ಣಿಕ ಹೀಗಂದಿದೆ, ಹದಿನೈದು ದಿನ ತಡೆಯೋಣ ಎಂದು ಅವರು ಒಮ್ಮೆಯೂ ಅಂದದ್ದನ್ನು ನಾನು ಕೇಳಿಲ್ಲ.

2025ರ ಅಕ್ಟೋಬರ್ 15ಕ್ಕೆ ಎಂ5 ಚಿಪ್ಪಿನ ಮ್ಯಾಕ್‌ಬುಕ್ ಪ್ರೊ ಬಂತು. ಹುಡುಗಿಗೆ ಸುದ್ದಿ ಕಳಿಸಿದೆ. “ನೋಡು, ನಿನ್ನದು ಏಳೇ ತಿಂಗಳಿಗೆ ಹಳೇದಾತು.” ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: “ಇರ್ಲಿ ಕಾಕಾ, ಎಡಿಟ್ ನಡಸೀನಿ.”

ಈಗಲೂ ಆಫೀಸಿನಲ್ಲಿ ಯಾರಾದರೂ ಬಂದು, ಈಗ ಕೊಳ್ಳಲೋ ಕಾಯಲೋ ಎಂದು ಕೇಳುತ್ತಾರೆ. ಬಾಯಿಯ ತುದಿಗೆ ಇಪ್ಪತ್ತು ತಿಂಗಳ ಲೆಕ್ಕ ಬರುತ್ತದೆ. ಅದನ್ನು ನುಂಗಿಕೊಂಡು, ಕೆಲಸ ಯಾವಾಗ ಶುರುವಾಗುತ್ತದೆ ಎಂದು ಮೊದಲು ಕೇಳುತ್ತೇನೆ. ಲೆಕ್ಕ ಬೇಕಾದರೆ ಆಮೇಲೆ ಚಹಾ ಕುಡಿಯುತ್ತಾ ಹೇಳುತ್ತೇನೆ.