ಭಾವನವರ ಸತು

ಬಳ್ಳಾರಿಯ ಬೇಸಿಗೆಯನ್ನು ನಾನು ದೂರುವವನಲ್ಲ. ದೂರಿದರೆ ಕಡಿಮೆಯಾಗುವ ವಸ್ತುವಲ್ಲ ಅದು. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಪಾರ್ವತಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಬೆವರುಸಾಲೆ ಎದ್ದ ಮೈಗೆ ಗುಲಾಬಿ ಬಣ್ಣದ ಕ್ಯಾಲಮೈನ್ ಔಷಧವನ್ನು ಹಚ್ಚಿಕೊಳ್ಳುತ್ತಿದ್ದೆ. ಆಗ ಭಾವನವರು ಬಂದರು. ಕೈಯಲ್ಲಿ ಒಂದು ಕಾಗದ.

“ಸತು ಸಿಕ್ಕಿದೆಯಂತಯ್ಯಾ! ಮೂವತ್ತು ಮೀಟರು ಉದ್ದಕ್ಕೂ ನೂರಕ್ಕೆ ಹನ್ನೊಂದು ಪಾಲು!”

ಯಾವುದೋ ಕಂಪನಿ ನೆಲಕ್ಕೆ ಬೋರು ಕೊರೆದು ಪ್ರಕಟಿಸಿದ ಫಲಿತಾಂಶ ಅದು. ಭಾವನವರು ನಿವೃತ್ತರಾಗಿ ಆಗ ಮೂರು ತಿಂಗಳು. ಕೈಗೆ ಬಂದ ಗಂಟನ್ನು ಆ ಕಂಪನಿಯ ಷೇರಿಗೆ ಹಾಕುವ ಹವಣಿಕೆ ಅವರದು. ಅದೇ ಗಂಟಿನಲ್ಲಿ ಮಗಳ ಮದುವೆಯಾಗಬೇಕೆಂದು ಅಕ್ಕ ಎಣಿಸಿಕೊಂಡಿದ್ದಳು. ಹಳಗನ್ನಡ ವ್ಯಾಕರಣ ಕಲಿಸುವ ನನಗೆ ಸತುವಿನ ವಿಷಯದಲ್ಲಿ ಅಭಿಪ್ರಾಯ ಎಲ್ಲಿಂದ ಬರಬೇಕು? ಭೂವಿಜ್ಞಾನ ಓದಿದ ಅಣ್ಣನ ಮಗನನ್ನು ಕರೆದೆ.

“ಎಷ್ಟು ಆಳದಲ್ಲಿ ಸಿಕ್ಕಿದ್ದು, ಮಾವ?” ಎಂದ ಅವನು. ಎಂಟು ಮೀಟರಿಗೇ ಆರಂಭ. “ತೆಗೆಯುವುದು ಸುಲಭವಾಯಿತಲ್ಲ!” ಎಂದರು ಭಾವ. ಹುಡುಗ ನನ್ನ ಔಷಧದ ಸೀಸೆಯನ್ನು ಎತ್ತಿಕೊಂಡ. “ಇದೂ ಸತುವೇ. ಸತುವಿನ ಆಕ್ಸೈಡಿಗೆ ಚಿಟಿಕೆ ಕಬ್ಬಿಣದ ಆಕ್ಸೈಡು ಸೇರಿ ಈ ಬಣ್ಣ. ಹಿಂದೆ ಸತುವಿನ ಅದಿರಿಗೂ ಕ್ಯಾಲಮೈನ್ ಎಂದೇ ಹೆಸರು. ಆ ಒಂದು ಹೆಸರಿನಡಿ ಬೇರೆ ಬೇರೆ ಖನಿಜಗಳಿವೆ ಎಂದು ಜೇಮ್ಸ್ ಸ್ಮಿತ್‌ಸನ್ 1803ರಲ್ಲಿ ಪ್ರಕಟಿಸಿದ. ಮಾವ, ಈ ಕಾಗದದಲ್ಲಿ ಯಾವ ಖನಿಜ ಎಂದು ಎಲ್ಲಿದೆ?”

ಅವನಿಂದ ನಾನು ಕಲಿತದ್ದಿಷ್ಟು. ಆಳದಲ್ಲಿ ಸತು ಸಾಮಾನ್ಯವಾಗಿ ಗಂಧಕದೊಡನೆ ಕೂಡಿ ಸ್ಫ್ಯಾಲರೈಟ್ ಆಗಿರುತ್ತದೆ. ಗಾಳಿಯೂ ಮಳೆನೀರೂ ಮೇಲಿನಿಂದ ಇಳಿದಂತೆ, ಜೊತೆಗಿರುವ ಪೈರೈಟು ಕೊಳೆತು ಗಂಧಕಾಮ್ಲ ಹುಟ್ಟುತ್ತದೆ. ಸತು ಅದರಲ್ಲಿ ಕರಗಿ ಹರಿದುಹೋಗುತ್ತದೆ; ಕಬ್ಬಿಣ ಕೆಂಪು ತುಕ್ಕುಗಲ್ಲಾಗಿ ಅಲ್ಲೇ ಕೂರುತ್ತದೆ. ಹೊರಟ ಸತುವಿಗೆ ದಾರಿಯಲ್ಲಿ ಸುಣ್ಣಕಲ್ಲು ಸಿಕ್ಕರೆ ಸ್ಮಿತ್‌ಸನೈಟ್, ಸಿಲಿಕ ಸಿಕ್ಕರೆ ಹೆಮಿಮಾರ್ಫೈಟ್. ಬೋರಿನಿಂದ ಬಾಳೆಯ ದಿಂಡಿನಂತೆ ಹೊರಬರುವ ಕಲ್ಲನ್ನು ಅರೆದು ಪರೀಕ್ಷಿಸಿದರೆ, ಈ ಮೂರಕ್ಕೂ ‘ಸತು’ ಎಂಬ ಒಂದೇ ಅಂಕಿ ಬರುತ್ತದೆ. ಆದರೆ ಸ್ಫ್ಯಾಲರೈಟನ್ನು ಪುಡಿಮಾಡಿ ನೊರೆಗೆ ಅಂಟಿಸಿ ತೇಲಿಸಬಹುದು. ಉಳಿದೆರಡು ಸುಲಭವಾಗಿ ಅಂಟುವುದಿಲ್ಲ. ಅವನ್ನು ಆಮ್ಲದಲ್ಲಿ ಕರಗಿಸಹೋದರೆ, ಸುತ್ತಲಿನ ಸುಣ್ಣಕಲ್ಲೇ ಆಮ್ಲವನ್ನು ಕುಡಿದುಬಿಡಬಹುದು. ನಮೀಬಿಯದ ಸ್ಕಾರ್ಪಿಯನ್ ಗಣಿಯಲ್ಲಿ 2003ರಿಂದ ಹಲವು ವರ್ಷ ಆಮ್ಲದಿಂದಲೇ ಸತು ತೆಗೆದದ್ದುಂಟು. ಅದಕ್ಕೆ ಬೇರೆಯೇ ಬಗೆಯ ಕಾರ್ಖಾನೆ ಬೇಕಾಯಿತು.

ಇದು ನನಗೆ ಕೂಡಲೇ ಅರ್ಥವಾಯಿತು. ಗೈಡನ್ನು ಉರುಹೊಡೆದವನಿಗೂ ಕಾವ್ಯವನ್ನು ಓದಿದವನಿಗೂ ಅರುವತ್ತೇ ಅಂಕ ಕೊಟ್ಟವನು ನಾನು.

“ಹಾಗಾದರೆ ಮೇಲಿನದೆಲ್ಲ ಸುಳ್ಳೋ?” ಎಂದರು ಭಾವ, ಮುಖ ಸಣ್ಣದು ಮಾಡಿಕೊಂಡು.

“ಸುಳ್ಳಲ್ಲ ಮಾವ, ಅರ್ಧ ಮಾತು. ರಾಜಸ್ಥಾನದ ರಾಂಪುರಾ ಆಗುಚಾದಲ್ಲಿ ಮೇಲೆ ಕಂಡದ್ದು ತುಕ್ಕುಗಲ್ಲು, ಹಿಂದಿನವರು ಬಿಟ್ಟುಹೋದ ಕಿಟ್ಟ. ಅದರ ಕೆಳಗೆ ಜಗತ್ತಿನ ದೊಡ್ಡ ಸತುವಿನ ನಿಕ್ಷೇಪಗಳಲ್ಲೊಂದು ಇದೆಯೆಂದು ತಿಳಿದದ್ದು 1977ರಲ್ಲಿ. ಇನ್ನು ನಮ್ಮೂರಿನ ತಾಮ್ರದ ಗುಡ್ಡ?”

ಆ ಗುಡ್ಡದ ಕಥೆ ನಾನೂ ಬಲ್ಲೆ. ಹೈದರಾಲಿ ಅಲ್ಲಿ ತಾಮ್ರದ ಗಣಿ ತೆಗೆಸಿದನೆಂದೂ, ಖರ್ಚು ಹುಟ್ಟದೆ ಬಿಟ್ಟನೆಂದೂ ಹಳೆಯ ಗೆಜೆಟಿಯರು ಹೇಳುತ್ತದೆ. ತಾಮ್ರ ಹೋಗಿ ಹೆಸರು ಉಳಿಯಿತು.

ಭಾವನವರು ಮರುದಿನವೇ ಕಂಪನಿಗೆ ಬರೆದರು: ಯಾವ ಖನಿಜ, ತುಕ್ಕಿನ ಪದರ ಎಲ್ಲಿಗೆ ಮುಗಿಯಿತು, ಅದರ ಕೆಳಗೆ ಏನು ಸಿಕ್ಕಿತು? ಉತ್ತರ ಬರುವವರೆಗೆ ಇರಲಿ ಎಂದು ಹಣವನ್ನು ಅಂಚೆ ಕಚೇರಿಯಲ್ಲಿಟ್ಟರು. ಉತ್ತರ ಇನ್ನೂ ಬಂದಿಲ್ಲ. ಷೇರಿನ ಬೆಲೆ ಎರಡು ರೂಪಾಯಿ ಏರಿದ ದಿನ ಭಾವನವರು ನನ್ನೊಡನೆ ಮಾತು ಬಿಡುತ್ತಾರೆ. ಇಳಿದ ದಿನ ಕಾಫಿಗೆ ಬರುತ್ತಾರೆ. ಅಕ್ಕ ಮಾತ್ರ ಯಾವುದನ್ನೂ ಕೇಳದೆ ವರಗಳ ಜಾತಕ ತರಿಸುತ್ತಿದ್ದಾಳೆ.