ದೋರನಹಳ್ಳಿ ದಾರಿಯಲ್ಲಿ: ಈ ಸಾಲಿ ನಡೆಸೋರು ಯಾರು?

ಯಾದಗಿರಿಯಲ್ಲಿ ರೈಲು ಇಳಿದು ಶಹಾಪುರದ ಬಸ್ ಹತ್ತಿದರೆ ಸ್ವಲ್ಪ ಹೊತ್ತಿಗೇ ಭೀಮಾ ನದಿಯ ಸೇತುವೆ ಬರುತ್ತೆ. ದಾಟಿದ ಮೇಲೆ ಎರಡೂ ಕಡೆ ಕರಿಮಣ್ಣು, ಹತ್ತಿ, ತೊಗರಿ. ಕೃಷ್ಣಾ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ. ಶಹಾಪುರ ಇನ್ನೇನು ಬಂತು ಅನ್ನುವಾಗ ಸಿಗುವ ದೊಡ್ಡ ಊರು ದೋರನಹಳ್ಳಿ. ಪ್ರವಾಸಿಗರು ಇಲ್ಲಿ ಇಳಿಯುವುದು ಅಪರೂಪ. ಅವರು ಮುಂದೆ ಹೋಗಿ ಶಹಾಪುರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟದ ಫೋಟೊ ತೆಗೀತಾರೆ, ಟೈಮ್ ಇದ್ದರೆ ಸುರಪುರಕ್ಕೆ ಹೋಗಿ ಮೆಡೋಸ್ ಟೇಲರ್ ಬಂಗಲೆ ನೋಡ್ತಾರೆ, ವಾಪಸ್.

ನನಗೆ ಬೇರೆ ಕುತೂಹಲ ಇತ್ತು. ಅಮೆರಿಕದ ಸಣ್ಣದೊಂದು ಊರಿನಲ್ಲಿರುವ ಗೆಳತಿ ಫೋನಿನಲ್ಲಿ ತಮ್ಮೂರ ಸ್ಕೂಲ್ ಬೋರ್ಡ್ ಎಲೆಕ್ಷನ್ ಬಗ್ಗೆ ಹೇಳುತ್ತಿದ್ದಳು. ಅಲ್ಲಿ ಸರ್ಕಾರಿ ಶಾಲೆ ನಡೆಸೋಕೆ ಅಂತಲೇ 'ಸ್ಕೂಲ್ ಡಿಸ್ಟ್ರಿಕ್ಟ್' ಇರುತ್ತೆ. ದೇಶದಲ್ಲಿ ಅಂಥವು ಸುಮಾರು 13 ಸಾವಿರ. ಹೆಚ್ಚಿನ ಕಡೆ ಜನರೇ ಬೋರ್ಡ್ ಆರಿಸುತ್ತಾರೆ, ಬೋರ್ಡು ಮುಖ್ಯಾಧಿಕಾರಿಯನ್ನು ನೇಮಿಸುತ್ತೆ, ಮನೆ ತೆರಿಗೆಯ ಒಂದು ಪಾಲು ನೇರ ಶಾಲೆಗೆ ಹೋಗುತ್ತೆ. ಮೇಷ್ಟ್ರು ಬೇಕಾ, ಬಸ್ ಬೇಕಾ, ಊರಿನವರೇ ಕೂತು ಜಗಳ ಆಡಿ ತೀರ್ಮಾನ ಮಾಡ್ತಾರೆ. (ಶ್ರೀಮಂತರ ಊರಿನ ಶಾಲೆ ಶ್ರೀಮಂತ, ಬಡವರ ಊರಿನದು ಬಡ ಅನ್ನೋ ಗೋಳು ಅಲ್ಲಿಯೂ ಇದೆ, ಅದಿರಲಿ.) ಹಾಗಾದರೆ ನಮ್ಮ ಕಡೆ ಒಂದು ಹಳ್ಳಿ ಶಾಲೆಯನ್ನು ನಡೆಸೋರು ಯಾರು?

ಕಾಗದದ ಮೇಲೆ ಉತ್ತರ ಉದ್ದ ಇದೆ. ದೋರನಹಳ್ಳಿ ಸುತ್ತಿನ ಯಾವುದೇ ಸರ್ಕಾರಿ ಶಾಲೆ ಮೊದಲು ಒಂದು ಕ್ಲಸ್ಟರ್‌ಗೆ ಸೇರುತ್ತೆ, ಅಲ್ಲಿ ಸಿಆರ್‌ಪಿ ಇರ್ತಾರೆ. ಅದರ ಮೇಲೆ ಶಹಾಪುರದ ಬಿಇಓ ಆಫೀಸು. ಅದರ ಮೇಲೆ ಯಾದಗಿರಿಯ ಡಿಡಿಪಿಐ. ಅದರ ಮೇಲೆ ಕಲಬುರಗಿಯ ಅಪರ ಆಯುಕ್ತರು. ಆಮೇಲೆ ಬೆಂಗಳೂರು. ಪಠ್ಯಪುಸ್ತಕ ಒಂದು ಕಡೆಯಿಂದ, ಅಕ್ಕಿ ಇನ್ನೊಂದು ಕಡೆಯಿಂದ. ಹೊಸ ಕೊಠಡಿ ಬೇಕಂದ್ರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲೂ ತಟ್ಟಬಹುದು, ಕಾಂಪೌಂಡ್ ಗೋಡೆಗೆ ಉದ್ಯೋಗ ಖಾತ್ರಿ ಅಂತ ಗ್ರಾಮ ಪಂಚಾಯ್ತಿಗೆ ಹೋಗಬಹುದು. ಮುಖ್ಯಗುರುಗಳ ಅರ್ಧ ಆಯುಷ್ಯ ಇದರಲ್ಲೇ ಹೋಗುತ್ತೆ.

ಇಷ್ಟೆಲ್ಲದರ ಕೆಳಗೆ, ಶಾಲೆಯ ಅಂಗಳದಲ್ಲೇ ಇರುವುದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕ ಇದನ್ನು 2001ರಲ್ಲೇ ಶುರು ಮಾಡಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಡೀ ದೇಶಕ್ಕೆ ಇಂಥ ಸಮಿತಿ ಕಡ್ಡಾಯ ಅಂತು. ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಅಪ್ಪ ಅಮ್ಮಂದಿರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಶಾಲೆಯ ಯೋಜನೆ ಮಾಡಬೇಕು, ಬಂದ ದುಡ್ಡು ಹೇಗೆ ಖರ್ಚಾಯ್ತು ನೋಡಬೇಕು, ಶಿಕ್ಷಕರು ಟೈಮಿಗೆ ಬರ್ತಾರಾ ಅಂತಲೂ ನೋಡಬೇಕು. ಓದೋಕೆ ಅಮೆರಿಕದ ಬೋರ್ಡಿನ ತಂಗಿಯ ಹಾಗೇ ಇದೆ.

ಆದರೆ ಈ ಸಮಿತಿಯನ್ನು ಎಂಥ ಊರಿನಲ್ಲಿ ಇಟ್ಟಿದ್ದೇವೆ ಅನ್ನೋದನ್ನೂ ನೋಡಬೇಕಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ಹೆಣ್ಣುಮಕ್ಕಳದು ಶೇ. 41ರ ಆಸುಪಾಸು. ರಾಜ್ಯದಲ್ಲೇ ಕೊನೆ. 1948ರವರೆಗೆ ಇದು ನಿಜಾಮರ ಸೀಮೆ, ಕಚೇರಿ ಭಾಷೆ ಉರ್ದು, ಕನ್ನಡ ಶಾಲೆಗಳು ಊರೂರಿಗೆ ಬಂದಿದ್ದೇ ತಡವಾಗಿ. ಅಂದರೆ ಸಮಿತಿಯಲ್ಲಿ ಕೂರುವ ಎಷ್ಟೋ ತಾಯಂದಿರಿಗೆ ಮುಂದಿಟ್ಟ ನಡಾವಳಿ ಪುಸ್ತಕ ಓದೋಕೆ ಬರಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳೊಬ್ಬರು ಇದೇ ಸೀಮೆಯ ಒಂದು ಶಾಲೆಯ ಸಮಿತಿಯಲ್ಲಿದ್ದರು. ಮೀಟಿಂಗಿನಲ್ಲಿ ಏನು ಮಾತಾಡ್ತೀರಿ ಅಕ್ಕಾ ಅಂತ ಕೇಳಿದೆ.

"ಏನ್ ಮಾತಾಡೂದ್ರಿ, ಹೇಳ್ತಾರ, ಕೇಳ್ತೀವಿ. ಹೆಬ್ಬಟ್ಟು ಒತ್ತಿ ಬರ್ತೀವಿ."

ಇಷ್ಟೇ ಆಗಿದ್ದರೆ ಬರೆಯೋಕೆ ಏನೂ ಇರಲಿಲ್ಲ. ಮಾತು ಊಟದ ಕಡೆ ತಿರುಗಿದ್ದೇ ತಡ, ಅವರ ದನಿಯೇ ಬದಲಾಯ್ತು. ಯಾವ ವಾರ ತತ್ತಿ ಬರಲಿಲ್ಲ, ಬೇಳೆ ಯಾವತ್ತು ನೀರಾಗಿತ್ತು, ಕುಡಿಯೋ ನೀರಿನ ಟಾಕಿ ತೊಳೆದು ಎಷ್ಟು ದಿನ ಆಯ್ತು, ಯಾವ ಸರ್ ಹನ್ನೊಂದಕ್ಕೆ ಬರ್ತಾರೆ, ಎಲ್ಲ ನಾಲಿಗೆ ತುದಿಯಲ್ಲಿ. ಕೇಳಿಯೂ ಇದ್ದಾರೆ, ಅಡುಗೆಮನೆ ಬಾಗಿಲಲ್ಲೇ ನಿಂತು. ನನಗೆ ಅನ್ನಿಸಿದ್ದು ಇದು: ಕಣ್ಣಿಗೆ ಕಾಣೋದರ ಮೇಲೆ ಈ ಸಮಿತಿ ಚೆನ್ನಾಗೇ ಕಾವಲು ಕಾಯುತ್ತೆ. ಕಾಗದದಲ್ಲಿ ಇರೋದು ಅದರ ಕೈಗೆ ಸಿಗಲ್ಲ.

ಊಟ ಅಂದರೆ ಇಲ್ಲಿ ಸಣ್ಣ ಮಾತಲ್ಲ. ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾಗಿದ್ದೇ 2002ರಲ್ಲಿ, ಉತ್ತರದ ಏಳು ಜಿಲ್ಲೆಗಳಲ್ಲಿ. ಆಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡೋಕೆ ಆರಂಭಿಸಿದಾಗಲೂ ಯಾದಗಿರಿ ಮೊದಲ ಪಟ್ಟಿಯಲ್ಲಿತ್ತು. ಮೊಟ್ಟೆ ಸಿಕ್ಕ ಯಾದಗಿರಿ ಮಕ್ಕಳನ್ನು ಆಗ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ಒಂದು ಅಧ್ಯಯನ ಆಯ್ತು. ಇಲ್ಲಿಯ ಮಕ್ಕಳ ತೂಕ ಎದ್ದು ಕಾಣುವಷ್ಟು ಹೆಚ್ಚಿತ್ತು. ಟಿವಿ ಚಾನೆಲ್‌ಗಳಲ್ಲಿ ಮೊಟ್ಟೆ ಬೇಕೋ ಬೇಡವೋ ಅಂತ ದೊಡ್ಡವರು ಕಿತ್ತಾಡುತ್ತಿದ್ದಾಗ ಇಲ್ಲಿಯ ಹುಡುಗಿಯರು ತಿಂದು ಮುಗಿಸಿದ್ದರು. 2022ರಲ್ಲಿ ಇಡೀ ರಾಜ್ಯಕ್ಕೆ ಮೊಟ್ಟೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈ ಜೋಡಿಸಿದ ಮೇಲೆ ವಾರಕ್ಕೆ ಆರು ದಿನ.

ನಡೆಸುವ ಕಷ್ಟ ಎಂಥದ್ದು ಅಂತ ತಿಳಿಯೋಕೆ ಇದೇ ಒಂದು ಮೊಟ್ಟೆ ಸಾಕು. ಸರ್ಕಾರದ ಲೆಕ್ಕ ಒಂದಕ್ಕೆ 6 ರೂಪಾಯಿ. ತರೋದು, ಬೇಯಿಸೋದು, ಸುಲಿಯೋದು ಎಲ್ಲ ಅದರಲ್ಲೇ. ಅಂಗಡಿಯಲ್ಲಿ ರೇಟು ಏರಿದ ತಿಂಗಳು ಮುಖ್ಯಗುರುಗಳು ಕೈಯಿಂದ ಹಾಕಬೇಕು, ಇಲ್ಲವೇ ಬಾಳೆಹಣ್ಣು ಅಂತ ಬರೆಯಬೇಕು. ಅಡುಗೆಯ ಅಕ್ಕಂದಿರಿಗೆ ತಿಂಗಳ ಗೌರವಧನ ಬರೀ ನಾಲ್ಕೈದು ಸಾವಿರ. ಇನ್ನು ಸುಣ್ಣ, ಬಣ್ಣ, ಸೀಮೆಸುಣ್ಣ, ರಿಪೇರಿಗೆ ಅಂತ ಸಮಗ್ರ ಶಿಕ್ಷಣದಲ್ಲಿ ಬರುವ ಅನುದಾನ 100 ದಾಟಿದ, 250ರೊಳಗಿನ ಮಕ್ಕಳ ಶಾಲೆಗೆ ವರ್ಷಕ್ಕೆ 50 ಸಾವಿರ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟ್ ಮೇಂಟೆನೆನ್ಸ್‌ಗೆ ಇದಕ್ಕಿಂತ ಜಾಸ್ತಿ ಕಟ್ತೀವಿ.

ಆದರೆ ಸಮಿತಿಯ ಕೈಗೆ ಸಿಗದ ದೊಡ್ಡ ವಿಷಯ ಶಿಕ್ಷಕರು. ಕಾಯ್ದೆ ಪ್ರಕಾರ ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೊಬ್ಬರು ಇರಬೇಕು. ಇಲ್ಲಿ ಖಾಲಿ ಹುದ್ದೆಗಳದ್ದೇ ಮಾತು. ಮೇಷ್ಟ್ರನ್ನು ನೇಮಿಸೋದು, ವರ್ಗ ಮಾಡೋದು ಎಲ್ಲ ಮೇಲಿನಿಂದ. ಊರಿನವರ ಕೈಯಲ್ಲಿ ಇರೋದು ಒಂದು ಮನವಿ ಪತ್ರ ಮಾತ್ರ. ಸರ್ಕಾರ ಸುಮ್ಮನೆ ಕೂತಿಲ್ಲ ಅಂತಲೂ ಹೇಳಬೇಕು. 371ಜೆ ಬಂದ ಮೇಲೆ ಸ್ಥಳೀಯರಿಗೆ ಹುದ್ದೆಯಲ್ಲಿ ಮೀಸಲು ಇದೆ, 2022ರ ಪದವೀಧರ ಶಿಕ್ಷಕರ ನೇಮಕಾತಿಯ 15 ಸಾವಿರದಲ್ಲಿ 5 ಸಾವಿರ ಕಲ್ಯಾಣ ಕರ್ನಾಟಕಕ್ಕೇ ಇಟ್ಟಿದ್ದರು. ಉಳಿದ ತೂತು ಮುಚ್ಚೋದು ಅತಿಥಿ ಶಿಕ್ಷಕರು. ಪಕ್ಕದೂರಿನ ಹುಡುಗ ಹುಡುಗಿಯರೇ, ಬಿ.ಎಡ್ ಮುಗಿಸಿದವರು. ಸಂಬಳ ಕಮ್ಮಿ, ವರ್ಷ ಮುಗಿದರೆ ಕೆಲಸವೂ ಮುಗೀತು. ಆದರೂ ಮಕ್ಕಳ ಮನೆಮಾತು ಗೊತ್ತಿರೋದು, ಯಾರ ಮನೆಯಲ್ಲಿ ಯಾಕೆ ಮಗು ಬಂದಿಲ್ಲ ಅಂತ ತಿಳಿದಿರೋದು ಹೆಚ್ಚಾಗಿ ಇವರಿಗೇ. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಮೊದಲು ಇವರನ್ನು ಕಾಯಂ ಮಾಡುವ ದಾರಿ ಹುಡುಕುತ್ತಿದ್ದೆ.

ಪರೀಕ್ಷೆಯ ಫಲ ಎಲ್ಲರಿಗೂ ಗೊತ್ತಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94, ಯಾದಗಿರಿ ಶೇ. 50.59, ಕೊನೇ ಸ್ಥಾನ. ಹಿಂದಿನ ವರ್ಷ ಶೇ. 75 ದಾಟಿತ್ತು. ನಡುವೆ ಬಂದಿದ್ದು ಪರೀಕ್ಷಾ ಕೇಂದ್ರದ ಕ್ಯಾಮೆರಾ. ಮೀಮ್ ಮಾಡಿ ನಕ್ಕವರು ಬಹಳ. ಆದರೆ ಹತ್ತನೇ ಕ್ಲಾಸಿನಲ್ಲಿ ಬಿದ್ದ ಹುಡುಗ ಬಿದ್ದಿದ್ದು ಮೂರನೇ ಕ್ಲಾಸಿನಲ್ಲಿ. ಅಪ್ಪ ಅಮ್ಮನ ಜೊತೆ ನಾಲ್ಕು ತಿಂಗಳು ಗುಳೆ ಹೋಗಿ ಬಂದಾಗ ಗುಣಾಕಾರ ಮುಗಿದು ಭಾಗಾಕಾರ ನಡೀತಿತ್ತು.

ಗುಳೆ ಅನ್ನೋ ಪದ ಬೆಂಗಳೂರಿನಲ್ಲಿ ಕೂತು ಇದನ್ನು ಓದ್ತಿರುವ ನಿಮಗೆ ದೂರದ್ದು ಅನಿಸಬಹುದು. ಬೆಂಗಳೂರಿನಲ್ಲಿ ಕಟ್ಟಡ ಏಳುತ್ತಿರುವ ಜಾಗದ ಪಕ್ಕ ನೀಲಿ ತಾಡಪತ್ರಿಯ ಶೆಡ್ಡುಗಳಿರುತ್ತವಲ್ಲ, ಅಲ್ಲಿ ಒಮ್ಮೆ ಯಾವ ಊರು ಅಂತ ಕೇಳಿ. ಯಾದಗಿರಿ, ಶಹಾಪುರ, ಸುರಪುರ, ರಾಯಚೂರು. ಹಂಗಾಮು ಮುಗಿದು ದೀಪಾವಳಿ ಆದ ಮೇಲೆ ಹೊರಟರೆ ಎಷ್ಟೋ ಮನೆಗೆ ಬೀಗ. ಸಮಿತಿಯ ಮೀಟಿಂಗಿಗೆ ಕೋರಂ ಇಲ್ಲ. ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗಲು ಋತುಮಾನ ವಸತಿ ಶಾಲೆಗಳನ್ನು ನಡೆಸುವ ಯೋಜನೆ ಇದೆ. ಆದರೆ ಆರು ವರ್ಷದ ಮಗುವನ್ನು ಅಜ್ಜಿಯೂ ಇಲ್ಲದ ಮನೆಯವರು ಹೇಗೆ ಬಿಟ್ಟು ಹೋಗ್ತಾರೆ?

ಬಸ್ಸಿನ ಅಕ್ಕನವರೂ ಈ ಸಲ ಹೋಗೋರೇ, ವೈಟ್‌ಫೀಲ್ಡ್ ಕಡೆ. ಇಬ್ಬರು ಮಕ್ಕಳು ಜೊತೆಗೆ. ಸಾಲಿ ಬಿಡಿಸ್ತೀರಾ ಅಂದೆ. ಟಿ.ಸಿ. ಕೊಡೋಕೆ ತಡ ಮಾಡ್ತಾರೆ, ಅಲ್ಲಿಯೂ ನಡುವೆ ಬಂದ್ರೆ ಸೇರಿಸ್ಕೊಳ್ಳಲ್ಲ ಅಂದರು. ಹಾಗಿಲ್ಲ, ಟಿ.ಸಿ. ಇಲ್ಲ ಅಂತ ಯಾವ ಸರ್ಕಾರಿ ಶಾಲೆಯೂ ಎಂಟನೇ ಕ್ಲಾಸಿನವರೆಗೆ ಮಗುವನ್ನು ವಾಪಸ್ ಕಳಿಸುವಂತಿಲ್ಲ, ವರ್ಷದ ನಡುವೆ ಹೋದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲೇಬೇಕು, ಅದೂ ಅದೇ ಕಾಯ್ದೆಯಲ್ಲಿದೆ ಅಂತ ಹೇಳಿದೆ. ಹತ್ತು ವರ್ಷಕ್ಕೂ ಹಳೆಯ ಈ ಮಾತನ್ನು ಸಮಿತಿಯ ಸದಸ್ಯರಿಗೇ ಯಾರೂ ಓದಿ ಹೇಳಿರಲಿಲ್ಲ.

ಅವರು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. ಆಮೇಲೆ ಕೇಳಿದರು: "ಹಂಗಾರ ಅಲ್ಲಿ ಸಾಲ್ಯಾಗೂ ತತ್ತಿ ಕೊಡ್ತಾರೇನ್ರಿ?"

ಕೊಡ್ತಾರೆ ಅಂದೆ.